ಕಬ್ಬಿಣ ಬೇಡದ ಹುಳುಗಳು

ನಂದೋಮ್
ನವೆಂಬರ್ 14

ನನ್ನ ಆಳು ಆಸಿಬಿ ಅತುಬಿಗಾಳಿಗೆ,

ಕುಮಾಸಿಯ ವಿಶ್ವವಿದ್ಯಾಲಯದ ಮೊಹರು ಹೊತ್ತು ಬಂದ ನಿನ್ನ ಕಾಗದವನ್ನು ಎರಡು ಸಲ ಓದಿದೆ. "ಮಾನ್ಯರೇ, ತಮ್ಮ ದಂತಚಿಕಿತ್ಸಾಲಯದ ರೋಗಿಗಳ ಒಸಡಿನ ಮಾದರಿಗಳನ್ನು ಸಂಶೋಧನೆಗಾಗಿ ಒದಗಿಸಿಕೊಡಬೇಕೆಂದು ವಿನಂತಿ" ಎಂದೆಲ್ಲ ಘನವಾಗಿ ಬರೆದಿದ್ದೀಯ. ನಾನೂ ಘನವಾಗಿಯೇ ಉತ್ತರಿಸಲು ಕೂತಿದ್ದೆ. ಆಮೇಲೆ ಕೆಳಗಿನ ಸಹಿ ಕಂಡಿತು. ಅತುಬಿಗಾ! ಬೊಲ್ಗಾ ಕಡೆಯ ಫ್ರಾಫ್ರಾ ಕುಲದವಳು! ಅಲ್ಲಿಗೆ ನನ್ನ ಘನವೆಲ್ಲ ಕರಗಿ ದ್ರವವಾಯಿತು.

ನಿಮ್ಮವರಿಗೂ ನಮ್ಮ ದಗಾರಾ ಮಂದಿಗೂ ಇರುವುದು ಗೇಲಿಯ ನಂಟು. ಮರ್ಯಾದೆ ಕೊಟ್ಟರೆ ಹಿರಿಯರು ಮುನಿಯುತ್ತಾರೆ, ಬೈದರೆ ಹರಸುತ್ತಾರೆ. ನಿನ್ನ ಮುತ್ತಜ್ಜನನ್ನು ನನ್ನ ಮುತ್ತಜ್ಜ ಒಂದು ನಾಯಿತಲೆ ಕೊಟ್ಟು ಕೊಂಡಿದ್ದ. ಆ ವ್ಯಾಪಾರದಲ್ಲಿ ನಮಗೇ ನಷ್ಟ. ನೀನು ಇದನ್ನು ಉಲ್ಟಾ ಹೇಳುತ್ತೀಯೆಂದು ಗೊತ್ತು. ನಿಮ್ಮವರೆಲ್ಲ ಉಲ್ಟಾ ಹೇಳುತ್ತಾರೆ.

ಮಾದರಿ ಕಳಿಸುತ್ತೇನೆ. ಕುಮಾಸಿ ಬಸ್ಸಿನಲ್ಲಿ ಮಂಜಿನ ಪೆಟ್ಟಿಗೆ ಬರುತ್ತದೆ. ಖಾಲಿ ಪೆಟ್ಟಿಗೆ ವಾಪಸ್ಸಾಗುವಾಗ ಒಳಗೊಂದು ಕಾಗದ ಇರಬೇಕು, ಅದೇ ಷರತ್ತು. ಫೋನು ಬೇಡ. ಇಲ್ಲಿ ಸಿಗ್ನಲ್ಲು ಸಿಗುವುದು ಸಂತೆಯ ಬಾವೊಬಾಬ್ ಮರದ ಕೆಳಗೆ ಮಾತ್ರ, ಅಲ್ಲಿ ನಾನು ನಿನ್ನನ್ನು ಬೈದರೆ ಊರೇ ಸಾಲು ನಿಂತು ತನ್ನ ಪಾಲಿನದನ್ನೂ ಸೇರಿಸುತ್ತದೆ.

ನನ್ನ ರೋಗಿಗಳು ಹದಿನಾರು, ಹದಿನೆಂಟರ ಮಕ್ಕಳು. ಬೆಳಗೆದ್ದು ಬೇವಿನ ಕಡ್ಡಿ ಜಗಿಯುವವರು. ಹುಳುಕಿಲ್ಲದ ಬಿಳಿ ಹಲ್ಲು. ಹಾಗಿದ್ದೂ ಮುಂದಿನ ಹಲ್ಲುಗಳು ಕೀಲು ಸಡಿಲಾದ ಬಾಗಿಲಿನ ಹಾಗೆ ಅಲ್ಲಾಡುತ್ತವೆ. ಒಳಗೆ ಎಲುಬು ಸದ್ದಿಲ್ಲದೆ ಕರಗಿರುತ್ತದೆ. ಇದಕ್ಕೆ ಕಾರಣವಾದ ಸೂಕ್ಷ್ಮಾಣುವಿನ ಹೆಸರು ನಿನಗೆ ಗೊತ್ತು. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಹಲ್ಲು ಬೀಳುತ್ತದೆ. ನಮ್ಮಿಬ್ಬರ ನಡುವೆ 'ಹುಳು' ಎಂದರೆ ಸಾಕು. ನಾನು ಕೆರೆದು ತೊಳೆದು ಎರಡು ಬಗೆಯ ಮಾತ್ರೆ ಕೊಡುತ್ತೇನೆ. ಹಲವರಿಗೆ ಅಲ್ಲಿಗೆ ನಿಲ್ಲುತ್ತದೆ. ಕೆಲವರಿಗೆ ಮರಳುತ್ತದೆ.

ಮರಳಿದವರಲ್ಲಿ ಡೊಮಿಟಿಲಾ ಒಬ್ಬಳು, ಶಿಕ್ಷಕಿಯರ ತರಬೇತಿ ಕಾಲೇಜಿನವಳು. ನಿನ್ನೆ ಕೇಳಿದಳು: "ಡಾಕ್ಟ್ರೇ, ಟೀಚರಮ್ಮ 'ಸ' ಅನ್ನೋಕ್ ಹೋಗಿ ಮೊದಲ್ನೇ ಬೆಂಚಿಗೆಲ್ಲಾ ಸ್ನಾನ ಮಾಡಿಸಿದ್ರೆ ಪಾಠ ಯಾರ್ ಕೇಳ್ತಾರೆ?" ಇದಕ್ಕೆ ಉತ್ತರ ನಿನ್ನ ಬಳಿ ಇದೆಯಂತೆ. ನೀನು ಮಾಡುವುದಾದರೂ ಏನು, ಬಿಡಿಸಿ ಬರೆ.

ನಿನ್ನ ಒಡೆಯ,
ಕ್ಲೀಟಸ್ ಯೆಲ್ಪಾಲಾ
(ಹಲ್ಲು ಕೀಳುವವನು, ಹಲ್ಲು ಕಿರಿಯುವವನಲ್ಲ)


ಕುಮಾಸಿ
ಡಿಸೆಂಬರ್ 2

ಓಡಿಹೋದ ನನ್ನ ಆಳು ಕ್ಲೀಟಸನಿಗೆ,

ಪೆಟ್ಟಿಗೆ ಬಂತು. ಮಂಜು ಕರಗಿರಲಿಲ್ಲ. ದಗಾರಾ ಮನುಷ್ಯ ಒಂದು ಕೆಲಸವನ್ನು ನೆಟ್ಟಗೆ ಮಾಡಿದ್ದು ಕಂಡು ಚರ್ಚಿನ ಗಂಟೆ ಬಾರಿಸಬೇಕೆನ್ನಿಸಿತು. ನಾಯಿತಲೆಯ ವಿಚಾರಕ್ಕೆ ಬಂದರೆ, ತಲೆ ಕೊಟ್ಟವರು ನಾವು. ಅಂದಿನಿಂದ ನಿಮ್ಮ ಕಡೆ ಇರುವ ತಲೆ ಅದೊಂದೇ.

ನನ್ನ ಕೆಲಸ ಜರಡಿ ಹಿಡಿಯುವುದು. ಟೀಝಡ್ ಮುದ್ದೆಗೆ ನಿನ್ನಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದಳಲ್ಲ, ಹಾಗೆ. ನನ್ನ ಜರಡಿ ಕಂಪ್ಯೂಟರಿನದು. ಹುಳುವಿನ ಮೈಯಲ್ಲಿ ಎರಡು ಸಾವಿರದಷ್ಟು ಪ್ರೋಟೀನುಗಳು, ಎಲ್ಲದರ ನಕ್ಷೆಯೂ ನನ್ನ ಬಳಿ ಇದೆ. ಮೊದಲ ಜರಡಿಯಲ್ಲಿ ಮನುಷ್ಯನ ಮೈಯ ಪ್ರೋಟೀನುಗಳನ್ನು ಹೋಲುವುದೆಲ್ಲ ಆಚೆಗೆ. ಇಲ್ಲದಿದ್ದರೆ ಹುಳುವಿಗಿಟ್ಟ ವಿಷ ರೋಗಿಗೂ ತಗಲುತ್ತದೆ. ಆಮೇಲೆ, ನಮ್ಮ ಬಾಯಲ್ಲಿ ಮರ್ಯಾದೆಯಿಂದ ಸಂಸಾರ ಮಾಡಿಕೊಂಡಿರುವ ಒಳ್ಳೆಯ ಸೂಕ್ಷ್ಮಾಣುಗಳಲ್ಲೂ ಇರುವುದನ್ನು ಬಿಟ್ಟುಬಿಡುತ್ತೇನೆ. ಉಳಿದವುಗಳಲ್ಲಿ ಯಾವುದಿಲ್ಲದೆ ಹುಳು ಬದುಕಲಾರದೋ ಅದು ಮಾತ್ರ ನನ್ನದು. ಎರಡು ವರ್ಷ ಜರಡಿ ಹಿಡಿದ ಮೇಲೆ ಒಂದು ಕೈ ಸಿಕ್ಕಿತು. ನಮ್ಮ ರಕ್ತದಿಂದ ಕಬ್ಬಿಣದ ಅಂಶವನ್ನು ಬಾಚಿಕೊಳ್ಳುವ ಕೈ. ಕಬ್ಬಿಣವಿಲ್ಲದೆ ಹುಳುವಿಲ್ಲ. ಆ ಕೈಗೆ ಕೋಳದಂತೆ ಕೂರುವ ಪುಟ್ಟ ಅಣುವೊಂದನ್ನೂ ಕಂಪ್ಯೂಟರಿನಲ್ಲೇ ಹುಡುಕಿಟ್ಟಿದ್ದೇನೆ.

ನಕ್ಷೆ ಹಳೆಯದು, ಸಮುದ್ರದಾಚೆ ಯಾರದೋ ಬಾಯಿಂದ ತೆಗೆದು ಸಂಗ್ರಹದಲ್ಲಿಟ್ಟ ಹುಳುವಿನದು. ಜಗತ್ತೆಲ್ಲ ಬಳಸುವುದು ಅದನ್ನೇ. ಹುಳು ಎಲ್ಲಿದ್ದರೂ ಹುಳುವೇ ತಾನೇ?

ಅಣುವನ್ನು ಹೊರಗೆ ಮಾಡಿಸಿ ತರಿಸುತ್ತಿದ್ದೇವೆ, ಏಪ್ರಿಲ್ಲಿಗೆ ಬರುತ್ತದೆ. ನಿನ್ನ ರೋಗಿಗಳ ಹುಳುಗಳ ಮೇಲೆ ಹಾಕಿ ನೋಡಬೇಕು. ಅವು ಸತ್ತರೆ ನನ್ನ ಡಾಕ್ಟರೇಟು ಬದುಕುತ್ತದೆ. ಅವು ಬದುಕಿದರೆ ಆಗಸ್ಟಿಗೆ ನನ್ನ ವಿದ್ಯಾರ್ಥಿವೇತನ ಮುಗಿಯುತ್ತದೆ, ಅದರ ಜೊತೆ ನಾನೂ. ನಿಮ್ಮ ಟೀಚರಮ್ಮನಿಗೆ ಹೇಳು, 'ಸ'ಕಾರಕ್ಕೆ ಬೇಕಾದ ಸಲಕರಣೆ ಸಿದ್ಧವಾಗುತ್ತಿದೆ.

ನಿನ್ನನ್ನು ಮಾರಿದರೂ ಕೊಳ್ಳುವವರಿಲ್ಲದೆ ಇಟ್ಟುಕೊಂಡವಳು,
ಆಸಿಬಿ


ನಂದೋಮ್
ಜನವರಿ 20

ನನ್ನ ಆಳೇ,

ಹರ್ಮಟಾನ್ ಒಣಗಾಳಿಗೆ ಊರಿನ ತುಟಿಯೆಲ್ಲ ಒಡೆದಿದೆ. ಶಿಯಾ ಬೆಣ್ಣೆ ಬಳಿದುಕೊಂಡು ಮಿಂಚುತ್ತಾ ಬರೆಯುತ್ತಿದ್ದೇನೆ. ಕಾಗದದ ಮೇಲಿನ ಜಿಡ್ಡು ನನ್ನ ಸೌಂದರ್ಯದ್ದು.

ನಿನ್ನ ಬಾಚುವ ಕೈಯ ಬಗ್ಗೆ ಒಂದು ವರದಿ ಇದೆ, ಕೇಳು. ನಾನೂ ಇಲ್ಲಿ ಗಾಜಿನ ತಟ್ಟೆಗಳಲ್ಲಿ ಅಷ್ಟಿಷ್ಟು ಹುಳು ಸಾಕುತ್ತೇನೆ. ತಟ್ಟೆಗೆ ಕುರಿಯ ರಕ್ತ ಬೆರೆಸಬೇಕು. ಕ್ರಿಸ್‌ಮಸ್ಸಿಗೆ ಊರಿನ ಕುರಿಗಳೆಲ್ಲ ಸಾರಿಗೆ ಹೋಗಿದ್ದವು, ರಕ್ತ ಸಿಗಲಿಲ್ಲ. ಬರಿಯ ತಟ್ಟೆಯ ಮೇಲೇ ಡೊಮಿಟಿಲಾಳ ಹುಳುಗಳನ್ನು ಬಿಟ್ಟೆ. ನಿನ್ನ ಲೆಕ್ಕದಲ್ಲಿ ಹಸಿದು ಸಾಯಬೇಕಿತ್ತು. ಅವೋ, ಊರಗೌಡನ ಭಾಮೈದನ ಹಾಗೆ ಕೊಬ್ಬಿ ಕೂತಿವೆ! ಏಕೆ ಗೊತ್ತೆ? ಇವು ದಗಾರಾ ಹುಳುಗಳು. ಬೇಡುವ ಕೈಯನ್ನು ಎಂದೋ ಮುರಿದು ಎಸೆದಿವೆ. ತಟ್ಟೆ ಹಿಡಿದು ರಕ್ತದ ಬಾಗಿಲಲ್ಲಿ ನಿಲ್ಲುವುದು ಫ್ರಾಫ್ರಾ ಹುಳುಗಳ ಕುಲಕಸುಬು. ಇಲ್ಲದ ಕೈಗೆ ಕೋಳ ಮಾಡಿಸುತ್ತಿದ್ದೀಯಲ್ಲ, ಎಂಥ ಜಾಣ ಆಳನ್ನು ಕೊಂಡ ನನ್ನ ಮುತ್ತಜ್ಜ!

ನಿನ್ನ ಒಡೆಯ,
ಕ್ಲೀಟಸ್


ಕುಮಾಸಿ
ಫೆಬ್ರವರಿ 8

ಜಿಡ್ಡು ಮೋರೆಯವನೇ,

ನಿನ್ನ ಕಾಗದವನ್ನು ಪ್ರಯೋಗಶಾಲೆಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಪವಾಸ ಮಾಡುವ ಹುಳುಗಳು! ನಿಮ್ಮೂರಿನ ಕ್ಯಾಥೊಲಿಕ್ ಹುಳುಗಳಿರಬೇಕು, ಪಾದ್ರಿಗಿಂತ ಮೊದಲೇ ಉಪವಾಸದ ತಿಂಗಳು ಶುರು ಮಾಡಿವೆ. ಅಥವಾ ನೀನು ತಟ್ಟೆಗೆ ಪಿಟೋ ಹೆಂಡ ಚೆಲ್ಲಿದ್ದೀಯ. ದಗಾರಾದವನ ಯಾವ ಸಂಶೋಧನೆಯನ್ನು ಎತ್ತಿ ನೋಡಿದರೂ ಅಡಿಯಲ್ಲಿ ಪಿಟೋ ಗಡಿಗೆಯ ಗುರುತು ಇರುತ್ತದೆ.

ಬಾಚುವ ಕೈಯ ಬಗ್ಗೆ ಲೇಖನ ಬರೆದು ಪತ್ರಿಕೆಗೆ ಕಳಿಸಿಯಾಯಿತು. ನನ್ನ ಪ್ರೊಫೆಸರು ಅಂಪೋನ್ಸಾ ಅವರು ಮೊದಲ ಸಲ ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದರು. ಮಾರ್ಚ್ ಕಳೆದ ಮೇಲೆ ಹೊಸ ಮಾದರಿ ಕಳಿಸು. ಕುಡಿಯದೆ ಕಳಿಸು.

ಆಸಿಬಿ


ನಂದೋಮ್
ಏಪ್ರಿಲ್ 3

ಆಸಿಬಿ,

ಪೆಟ್ಟಿಗೆಯಲ್ಲಿ ಹನ್ನೆರಡು ಮಾದರಿಗಳಿವೆ. ಮೇಲಿರುವುದು ಡೊಮಿಟಿಲಾಳದು. ಅವಳ ಎಡಗಡೆಯ ಮುಂದಿನ ಹಲ್ಲು ಈಗ ನಾಲಿಗೆ ತಗುಲಿದರೂ ಅಲುಗುತ್ತದೆ. "ಕುಮಾಸಿ ಅಕ್ಕನ ಔಷಧಿ ಯಾವಾಗ?" ಎಂದು ಕೇಳುತ್ತಾಳೆ. ಬರುತ್ತದೆ ಎನ್ನುತ್ತೇನೆ.

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಜನವರಿಯಲ್ಲಿ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಒಂದೇ ಗೇಲಿಯನ್ನು ಎರಡು ಸಲ ಮಾಡುವವನಿಗೆ ನಮ್ಮಲ್ಲಿ ಮದುವೆಗೆ ಹೆಣ್ಣು ಕೊಡುವುದಿಲ್ಲ. ನನಗೆ ಆಗಲೇ ಮದುವೆಯಾಗಿದೆ, ಆದರೂ.

ಕ್ಲೀಟಸ್


ಕುಮಾಸಿ
ಮೇ 27

ಡಾ. ಯೆಲ್ಪಾಲಾ ಅವರಿಗೆ,

ಮಾನ್ಯರೇ,

ತಾವು ಕಳಿಸಿದ ಮಾದರಿಗಳ ಫಲಿತಾಂಶ ಹೀಗಿದೆ. ಸಂಗ್ರಹದ ಹಳೆಯ ಹುಳು ನಮ್ಮ ಅಣುವಿಗೆ ಸತ್ತಿತು. ತಮ್ಮ ರೋಗಿಗಳ ಹುಳುಗಳು ಹನ್ನೆರಡಕ್ಕೆ ಹನ್ನೆರಡೂ ಬೆಳೆದವು. ನಂಬದೆ ಮತ್ತೆ ಮತ್ತೆ ಮಾಡಿದೆ. ಆಮೇಲೆ ಅವುಗಳ ವಂಶವಾಹಿಗಳನ್ನು ಓದಿಸಿದೆ. ಬಾಚುವ ಕೈಯನ್ನು ಮಾಡಬೇಕಾದ ವಂಶವಾಹಿ ಪ್ರತಿಯೊಂದರಲ್ಲೂ ನಡುವೆಯೇ ಮುರಿದಿದೆ. ಆ ಕೈ ಅವುಗಳಿಗೆ ಇಲ್ಲವೇ ಇಲ್ಲ. ಬೇರೆ ಯಾವುದೋ ದಾರಿಯಲ್ಲಿ ಹೊಟ್ಟೆ ಹೊರೆಯುತ್ತವೆ.

ತಮ್ಮ ಜನವರಿಯ ಕಾಗದವನ್ನು ತೆಗೆದು ಓದಿದೆ. ತಮಗೆ ಗೊತ್ತಿತ್ತು. ನನ್ನ ಎರಡು ವರ್ಷವನ್ನೂ ಒಂದು ಹುಡುಗಿಯ ಹಲ್ಲನ್ನೂ ತಾವು ಒಂದು ನಗೆಚಾಟಿಕೆಯಲ್ಲಿ ಸುತ್ತಿ ಕಳಿಸಿದಿರಿ. ನೇರವಾಗಿ ಒಂದು ಸಾಲು ಬರೆಯಲು ತಮಗೆ ಏನು ಅಡ್ಡಿಯಿತ್ತು?

ಪ್ರೊಫೆಸರಿಗೆ ತೋರಿಸಿದೆ. ಅವರು ಹೇಳಿದ್ದು: "ಹಳೇ ಹುಳ ಸತ್ತಿದ್ದು ಸುಳ್ಳಲ್ಲ ತಾನೇ? ಅಷ್ಟನ್ನ ಬರಿ. ಆ ಉತ್ತರದ ಸೀಮೆ ಮಾದರಿಗಳ ಸುದ್ದಿ ಎತ್ಬೇಡ. ಆಗಸ್ಟಿಗೆ ಪದವಿ ತಗೊಂಡು ಮನೆಗ್ ಹೋಗು ತಾಯಿ." ಯೋಚಿಸಲು ಸಮಯ ಕೇಳಿದ್ದೇನೆ.

ಇತಿ ತಮ್ಮ ವಿಧೇಯ,
ಆಸಿಬಿ ಅತುಬಿಗಾ


ನಂದೋಮ್
ಜೂನ್ 2

ನನ್ನ ಆಳೇ,

ನಿನ್ನಿಂದ 'ಮಾನ್ಯರೇ' ಅನ್ನಿಸಿಕೊಂಡು ಊಟ ಸೇರಲಿಲ್ಲ. ಹೆಂಡತಿ ಕಾಗದ ನೋಡಿ, "ಅಯ್ಯೋ, ಆ ಹುಡುಗಿ ನಿಮಗೆ ಮರ್ಯಾದೆ ಕೊಡೋವಷ್ಟು ಏನ್ ಅನ್ಯಾಯ ಮಾಡಿದ್ರಿ?" ಎಂದಳು.

ಒಳಗಿನ ಪೊಟ್ಟಣ ಬಿಚ್ಚಿದೆಯಾ? ಬೂದಿ, ನಮ್ಮ ಒಲೆಯದು. ಅಣ್ಣತಮ್ಮಂದಿರು ಬಿಲ್ಲು ಹಿಡಿದು ನಿಂತಾಗ ಗೇಲಿಯ ನಂಟ ಬಂದು ನಡುವೆ ಬೂದಿ ಎರಚಿದರೆ ಬಿಲ್ಲು ಇಳಿಯಲೇಬೇಕು. ಎರಚಿದ್ದೇನೆ. ಇಳಿಸು.

ಇನ್ನು ಮೇಲೆ ಒಂದು ಕಟ್ಟಳೆ ಮಾಡಿಕೊಳ್ಳೋಣ. ಬೂದಿ ಇಟ್ಟ ಕಾಗದದಲ್ಲಿ, ಬೂದಿಯ ಮಾತು ಬಂದ ಮೇಲೆ ಗೇಲಿ ಇಲ್ಲ. ಈ ಸಾಲಿನಿಂದಲೇ ಶುರು.

ನಾನು ಹೇಳಿದ್ದೆ, ನೀನು ನಕ್ಕೆ. ನಗುವಂತೆಯೇ ನಾನು ಹೇಳಿದ್ದೆ. ಒಂದೇ ತಟ್ಟೆ ನೋಡಿದ್ದರಿಂದ ಅರೆನಂಬಿಕೆಯಿತ್ತು. ಅರೆನಂಬಿಕೆಯ ಮಾತನ್ನು ನಮ್ಮವರು ಗೇಲಿಯಾಗಿ ಎಸೆಯುತ್ತಾರೆ. ಎತ್ತಿಕೊಳ್ಳುವವರು ಎತ್ತಿಕೊಳ್ಳಲಿ ಎಂದು. ಆದರೆ ಗೇಲಿಯ ನಂಟರು ಎತ್ತಿಕೊಳ್ಳುವುದಿಲ್ಲ, ತಿರುಗಿ ಎಸೆಯುತ್ತಾರೆ. ಇದು ನಮ್ಮಿಬ್ಬರಿಗೂ ಮೊದಲೇ ಹೊಳೆಯಬೇಕಿತ್ತು.

ಮಾದರಿಗಳನ್ನು ಮುಚ್ಚಿಟ್ಟು ಬರೆದರೆ ನಿನಗೆ ಪದವಿ ಬರುತ್ತದೆ. ಅದನ್ನು ಓದಿದವರು ಯಾರೋ ನಂಬಿ ಔಷಧಿ ಮಾಡುತ್ತಾರೆ. ಅದು ಒಂದು ದಿನ ನನ್ನ ಕೊಠಡಿಗೆ ಬರುತ್ತದೆ. ನಾನು ಅದನ್ನು ಇಲ್ಲಿಯ ಮಕ್ಕಳಿಗೆ ಕೊಡುತ್ತೇನೆ. ಅವರೂ ನಂಬಿ ನುಂಗುತ್ತಾರೆ. ಬರೆಯಬೇಡ.

ಡೊಮಿಟಿಲಾಳ ಹಲ್ಲು ಮೊನ್ನೆ ನೆಲಗಡಲೆ ಕಡಿಯುವಾಗ ಕೈಗೇ ಬಂತು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. "ಮತ್ತೆ ನೆಡೋಕಾಗುತ್ತಾ ಡಾಕ್ಟ್ರೇ?" ಎಂದಳು. ಆಗುವುದಿಲ್ಲ ಎಂದೆ. "ಸರಿ ಬಿಡಿ, ಕಡಲೆ ಇದ್ದಾಗ ಹಲ್ಲಿರಲ್ಲ" ಎಂದು ತಾನೇ ನಕ್ಕಳು. ಪಕ್ಕದ ಹಲ್ಲೂ ಸಡಿಲವಾಗಿದೆ.

ಕ್ಲೀಟಸ್


ಕುಮಾಸಿ
ಜುಲೈ 15

ನನ್ನ ಆಳೇ,

ಬಿಲ್ಲು ಇಳಿಸಿದೆ. ಬಾಣಗಳನ್ನು ಇಟ್ಟುಕೊಂಡಿದ್ದೇನೆ, ದಗಾರಾ ಬೆನ್ನು ಅಗಲ, ಗುರಿ ತಪ್ಪುವುದಿಲ್ಲ.

ಪ್ರೊಫೆಸರ ಕೊಠಡಿಗೆ ಹೋದೆ. ಮಾತು ಹೀಗೆ ನಡೆಯಿತು.

"ಸರ್, ಉತ್ತರದ ಮಾದರಿಗಳನ್ನ ಬಿಟ್ಟು ಬರೆಯಲ್ಲ."

"ಆಗಸ್ಟ್ ಆದ್ಮೇಲೆ ನಿನ್ನ ಕುರ್ಚಿಗೆ ಬೇರೆಯೋರು ಬರ್ತಾರಮ್ಮ."

"ಬರ್ಲಿ ಸರ್. ಅದರ ಒಂದ್ ಕಾಲು ಅಲ್ಲಾಡುತ್ತೆ ಅಂತ ಮೊದ್ಲೇ ಹೇಳ್ಬಿಡಿ."

"ಪತ್ರಿಕೆಗೆ ಕಳ್ಸಿರೋ ಲೇಖನ?"

"ಬೆಳಿಗ್ಗೇನೇ ವಾಪಸ್ ತಗೊಂಡೆ."

ಅವರು ಕನ್ನಡಕ ತೆಗೆದು ಟೈಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. "ನಿಮ್ಮ ಉತ್ತರದೋರ ತಲೆ!" ಎಂದರು. ಅವರು ಇಲ್ಲಿಯ ಅಶಾಂಟಿ ಕುಲದವರು, ನಮಗೆ ಗೇಲಿಯ ನಂಟರೂ ಅಲ್ಲ; ಹಾಗಾಗಿ ಅದು ಬೈಗುಳವೋ ಮೆಚ್ಚಿಗೆಯೋ ಗೊತ್ತುಮಾಡಿಕೊಳ್ಳಲು ನಿಯಮವೇ ಇರಲಿಲ್ಲ.

ಜರಡಿಯನ್ನು ಬೋರಲು ಹಾಕಿದ್ದೇನೆ. ಈ ಸಲ ಶುರುಮಾಡುವುದು ಸಮುದ್ರದಾಚೆಯ ಬಾಯಿಂದಲ್ಲ, ನಿನ್ನ ಹನ್ನೆರಡು ಬಾಯಿಗಳಿಂದ. ಹನ್ನೆರಡರಲ್ಲೂ ಮುರಿಯದೆ ಉಳಿದದ್ದು ಯಾವುದು? ಯಾವುದನ್ನು ಈ ಹುಳುಗಳು ಎಂದೂ ಎಸೆದಿಲ್ಲ? ಮಿಕ್ಕ ಜರಡಿಗಳು ಆಮೇಲೆ. ಮುಗಿಯುವಷ್ಟರಲ್ಲಿ ಆಗಸ್ಟು ಮುಗಿದಿರುತ್ತದೆ. ಮುಗಿಯಲಿ.

ಟೀಚರಮ್ಮನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಏನನ್ನೂ ಹೇಳಬೇಡ. ಹುಳುಗಳನ್ನು ಮಾತ್ರ ತಣ್ಣಗಿಟ್ಟಿರು.

ಆಸಿಬಿ


ಬೊಲ್ಗಾಟಾಂಗಾ
ಅಕ್ಟೋಬರ್ 30

ಕ್ಲೀಟಸ್,

ಪೊಟ್ಟಣ ನೋಡಿದೆಯಲ್ಲ. ಬೂದಿಯ ಕಾಗದ ಇದು.

ಸೆಪ್ಟೆಂಬರಿನಿಂದ ಬೊಲ್ಗಾದಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮಿಕ್ಕ ಹೊತ್ತು ಹಳೆಯ ಲ್ಯಾಪ್‌ಟಾಪಿನ ಮುಂದೆ. ಕರೆಂಟು ಬಂದದ್ದು ಹೋಗುವುದಕ್ಕೇ. ಹೋದಾಗಲೆಲ್ಲ ಲೆಕ್ಕ ಅರ್ಧಕ್ಕೆ ಸಾಯುತ್ತಿತ್ತು. ಆಮೇಲೆ ಲೆಕ್ಕವನ್ನೇ ತುಂಡು ತುಂಡು ಮಾಡಿದೆ, ಒಂದೊಂದು ತುಂಡೂ ಕರೆಂಟು ಹೋಗುವ ಮೊದಲೇ ಮುಗಿಯುವ ಹಾಗೆ. ಅತ್ತಿಗೆ "ಇನ್ನೂ ಎಷ್ಟ್ ದಿನ ಹುಳ ಆರ್ಸ್ತೀಯೇ?" ಎಂದು ಕೇಳುತ್ತಾಳೆ, ಬೇಳೆ ಆರಿಸಲು ಕರೆದರೆ ನಾನು ಹೋಗುವುದಿಲ್ಲವೆಂದು.

ಜರಡಿಯಲ್ಲಿ ಮೂರು ಉಳಿದವು. ಅವುಗಳಲ್ಲೊಂದು ಹುಳುವಿನ ಹೊರಗೋಡೆ ಕಟ್ಟುವ ಮೇಸ್ತ್ರಿ. ಅದರ ಕೈ ಕಟ್ಟಬಲ್ಲ ಅಣು, ಬೇರೆ ಕಾಯಿಲೆಗೆ ಆಗಲೇ ಬಳಕೆಯಲ್ಲಿರುವ ಔಷಧಿಗಳ ನಡುವೆಯೇ ಸಿಕ್ಕಿತು. ಪ್ರೊಫೆಸರಿಗೆ ತಿಳಿಸಿದೆ. "ಭಾನುವಾರ ಪ್ರಯೋಗಶಾಲೆಗೆ ಯಾರೂ ಬರಲ್ಲ, ನನಗೂ ಬೀಗ ಹಾಕೋದು ಮರೆತ್ಹೋಗುತ್ತೆ, ವಯಸ್ಸಾಯ್ತು ನೋಡು" ಎಂದರು. ನಾಲ್ಕು ಭಾನುವಾರ ಬಸ್ಸು ಹತ್ತಿ ಕುಮಾಸಿಗೆ ಹೋದೆ. ಕೊನೆಯ ಭಾನುವಾರ ಅವರೂ ಬಂದು ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಮುಂದಿನ ಅವಧಿಗೆ ನನ್ನ ಹೆಸರು ಬರೆದುಕೊಂಡಿದ್ದಾರೆ. ವೇತನವಿಲ್ಲ, ಕುರ್ಚಿ ಉಂಟು.

ಹನ್ನೆರಡು ಹುಳುಗಳಲ್ಲಿ ಒಂಬತ್ತು ಬೆಳೆಯಲಿಲ್ಲ. ಮೂರು ಬೆಳೆದವು, ನಿಧಾನವಾಗಿ. ಆ ಮೂರರಲ್ಲಿ ಒಂದು ಡೊಮಿಟಿಲಾಳದು.

ಇದನ್ನು ನೀನು ಅವಳಿಗೆ ಹೇಳಬೇಡ, ನಿನ್ನ ಬಾಯಲ್ಲಿ ಎಲ್ಲವೂ ಗೇಲಿಯಾಗುತ್ತದೆ. ಈ ಕಾಗದವನ್ನೇ ಅವಳ ಕೈಗೆ ಕೊಡು.

ಡೊಮಿಟಿಲಾ, ನಿನ್ನ ಹುಳುವಿಗೆ ಈ ಔಷಧಿ ಸಾಲುತ್ತಿಲ್ಲ. ಏಕೆಂದು ಇನ್ನೂ ಗೊತ್ತಾಗಿಲ್ಲ. ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಬಾಯಲ್ಲೂ ಗೆಲ್ಲುತ್ತದೆಂದು ಈಗಲೇ ಹೇಳಲಾರೆ. ಅದಕ್ಕೆ ವರ್ಷಗಳು ಬೇಕು. ಹನ್ನೆರಡು ಬಾಯಿಗಳಿಂದ ನಾನು ಕಲಿಯಬಹುದಾದದ್ದು ಇಷ್ಟೇ. ಇನ್ನೂ ಬೇಕು. ನಾನು ನಿಲ್ಲಿಸುವುದಿಲ್ಲ.

ಆಸಿಬಿ


ನಂದೋಮ್
ನವೆಂಬರ್ 19

ಆಸಿಬಿ ಅಕ್ಕನಿಗೆ,

ನಾನು ಡೊಮಿಟಿಲಾ. ನಿಮ್ಮ ಕಾಗದವನ್ನು ಡಾಕ್ಟರು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಓದಿದೆ. ಅತ್ತುಬಿಟ್ಟೆ. ಆಮೇಲೆ ಕೊನೆಯ ಎರಡು ಸಾಲನ್ನು ಮತ್ತೆ ಓದಿದೆ.

ನಮ್ಮ ಹಾಸ್ಟೆಲಿನಲ್ಲಿ ನನ್ನಂಥವರು ಇನ್ನೂ ಇದ್ದಾರೆಂದು ಬಹಳ ದಿನದಿಂದ ಅನುಮಾನವಿತ್ತು. ಕೇಳಿದರೆ ಯಾರೂ ಒಪ್ಪುವುದಿಲ್ಲ. ಹಲ್ಲು ಸಡಿಲವೆಂದು ಗೊತ್ತಾದರೆ ಮನೆಯವರು ವರನ ಕಡೆಯವರಿಗೆ ಏನು ಹೇಳುತ್ತಾರೆ? ಅದಕ್ಕೆ ಶನಿವಾರ ಸಂಜೆ ನಮ್ಮ ತರಗತಿಯ ಫ್ರಾಫ್ರಾ ಹುಡುಗಿಯರನ್ನೆಲ್ಲ ಅಂಗಳಕ್ಕೆ ಕರೆದು, "ಬನ್ರೇ, ಇವತ್ತು ದಗಾರಾದೋರನ್ನ ಎಷ್ಟ್ ಬೈತೀರೋ ಬೈಯಿರಿ" ಎಂದೆ. ಅವರಿಗೆ ಅಷ್ಟೇ ಸಾಕಾಯಿತು. ಒಬ್ಬಳು ನಮ್ಮ ಸತ್ತ ತಾತಂದಿರ ನಡಿಗೆ ಮಾಡಿ ತೋರಿಸಿದಳು. ಇನ್ನೊಬ್ಬಳು, "ದಗಾರಾದೋನು ಸ್ವರ್ಗಕ್ಕೆ ಹೋಗಿ ಮೊದ್ಲು ಕೇಳಿದ್ದು ದೇವ್ರನ್ನಲ್ಲ ಕಣ್ರೇ, ಗಡಿಗೆ ಎಲ್ಲಿ ಅಂತ!" ಎಂದಳು. ನಮ್ಮವರೂ ಬಿಡಲಿಲ್ಲ. ನಗು ತಡೆಯಲಾಗದೆ ಎಲ್ಲರೂ ನೆಲಕ್ಕೆ ಕೂತರು.

ನಾನು ಮಾತ್ರ ಕೈಗಳನ್ನು ನೋಡುತ್ತಿದ್ದೆ. ಅಷ್ಟು ನಗುವಿನಲ್ಲೂ ಅಂಗೈ ಬಾಯಿಗೆ ಅಡ್ಡ ಹಿಡಿದವರು ಯಾರು ಎಂದು. ಎರಡು ವರ್ಷ ನಾನೂ ಹಾಗೆ ನಕ್ಕವಳು, ಆ ಕೈ ನನಗೆ ಚೆನ್ನಾಗಿ ಗೊತ್ತು. ಅವರೆಲ್ಲರ ಮುಂದೆ ಹೋಗಿ ನಿಂತು, ಕಂಡಿ ಪೂರ್ತಿ ಕಾಣುವಂತೆ ಬಾಯಿ ಬಿಟ್ಟು ನಕ್ಕೆ. ಆಮೇಲೆ ಒಬ್ಬಳು ಮೆಲ್ಲಗೆ ಕೈ ತೆಗೆದಳು. "ನಂದೂ ಅಲ್ಲಾಡುತ್ತೆ ಕಣೇ" ಎಂದಳು. ಅವಳು ನಿಮ್ಮ ಫ್ರಾಫ್ರಾದವಳು.

ಸೋಮವಾರ ಎಲ್ಲರನ್ನೂ ಆಸ್ಪತ್ರೆಗೆ ನಡೆಸಿಕೊಂಡು ಹೋದೆ. ಸಾಲು ಗೇಟಿನಾಚೆ ಹೋಗಿತ್ತು. ಡಾಕ್ಟರು ಒಬ್ಬೊಬ್ಬರಿಗೂ ವಿವರಿಸಿ ಒಪ್ಪಿಗೆ ಪಡೆದು ಮಾದರಿ ತೆಗೆದರು. ಕೆಲವರಿಗೆ ಈಗ ತಾನೇ ಶುರುವಾಗಿದೆ, ಇರುವ ಮಾತ್ರೆಯಲ್ಲೇ ನಿಲ್ಲಬಹುದಂತೆ. ಎಲ್ಲರಿಗೂ ಅಲ್ಲ.

ಅಕ್ಕ, ನನಗಾಗದಿದ್ದರೂ ಅವರಿಗಾಗಲಿ ಎನ್ನುವಷ್ಟು ಒಳ್ಳೆಯವಳಲ್ಲ ನಾನು. ನನಗೂ ಆಗಬೇಕು. ಪಕ್ಕದ ಹಲ್ಲು ಇನ್ನೂ ಇದೆ, ಹಿಡಿದುಕೊಂಡಿದ್ದೇನೆ. ಪೆಟ್ಟಿಗೆ ಈ ಸಲ ಭಾರವಿದೆ, ಬಸ್ಸಿನವರು ಗೊಣಗಿದರು. ಎಲ್ಲಕ್ಕಿಂತ ಅಡಿಯಲ್ಲಿ ನನ್ನ ಮಾದರಿಯನ್ನು ಇನ್ನೊಂದು ಸಲ ಇಟ್ಟಿದ್ದೇನೆ.

ಆ ಹುಳುಗಳನ್ನೂ ಓದಿ.

ಡೊಮಿಟಿಲಾ